ಕಪ್ಪೆಗಳ ಜ್ಞಾನತಾಯಿ

ಎಲ್ ಆಲ್ತೊ ಪಟ್ಟಣದ ನಮ್ಮ ಬೀದಿಯಲ್ಲಿ ಯಾವ ಶುಭಕಾರ್ಯದ ಖರ್ಚನ್ನೂ ಒಬ್ಬರೇ ಹೊರುವುದಿಲ್ಲ. ದೀಕ್ಷಾಸ್ನಾನದಲ್ಲಿ ಕೂಸಿನ ಹೊಣೆ ಹೊರಲು ಜ್ಞಾನತಂದೆ, ಜ್ಞಾನತಾಯಿ ಇರುವಂತೆ ಇಲ್ಲಿ ಕೇಕಿನ ಖರ್ಚಿಗೊಬ್ಬ ಜ್ಞಾನತಂದೆ, ಬಿಯರಿಗೊಬ್ಬ, ಬ್ಯಾಂಡಿಗೊಬ್ಬ. ನನ್ನ ಮದುವೆಯಲ್ಲಿ ಗಂಡನ ಬೂಟಿಗೂ ಒಬ್ಬನಿದ್ದ. (ಬೂಟು ಹರಿದಿದೆ, ಸಂಬಂಧ ಹರಿದಿಲ್ಲ, ಪ್ರತಿ ಭಾನುವಾರ ಊಟಕ್ಕೆ ಬರುತ್ತಾನೆ.) ಇಂಥ ಬೀದಿಯಲ್ಲಿ ನನ್ನ ಗೆಳತಿ ಅಸುಂತಾ, ಕಪ್ಪೆಗಳ ಮೇಲಿನ ಡಾಕ್ಟರೇಟ್ ಮುಗಿಸಲು ದುಡ್ಡಿಲ್ಲವೆಂದು ನಮ್ಮ ಅಡುಗೆಮನೆಯಲ್ಲಿ ಕೂತು ಸೊರಗುತ್ತಿದ್ದಳು.

“ವಿದ್ಯಾರ್ಥಿವೇತನ ಬರ್ತಿದೆಯಲ್ಲೇ?” ಎಂದೆ.

“ಅದು ನನ್ನ ಹೊಟ್ಟೆಗೆ ಕಣೇ. ಬೆಟ್ಟದ ಕೆರೆಗೆ ಹೋಗೋಕೆ, ಬಲೆಗೆ, ಲ್ಯಾಬ್ ಪರೀಕ್ಷೆಗೆ ಅನುದಾನ ಬೇಕು. ಅದರ ಬಾಗಿಲೇ ಬೇರೆ. ಯಾಕೆ ಕಪ್ಪೆ, ಯಾಕೆ ಈಗ, ಯಾಕೆ ನೀನೇ ಅಂತಾರೆ. ಎರಡು ಸಲ ಕೇಳಿ, ಎರಡು ಸಲಾನೂ ವಾಪಸ್ ಕಳಿಸಿದ್ರು.”

“ನಮ್ಮ ಬೀದಿಯವರು ಕೇಳೋದು ಒಂದೇ, ಯಾರ ಮಗಳು ಅಂತ. ಬಾ ನನ್ನ ಜೊತೆ.”

ಮಿನಿಬಸ್ ಓಡಿಸುವ ದೋನ್ ಸೆವೆರೊ ಪ್ರಯಾಣದ ಜ್ಞಾನತಂದೆಯಾದ. ಬೇಕರಿಯ ದೋನ್ಯಾ ಎಪಿಫಾನಿಯಾ ಬುತ್ತಿಯ ಜ್ಞಾನತಾಯಿ. ಪರದೆ ಹೊಲಿಯುವವಳು ಬಲೆಗೆ. ಕೂಸಿಗೆ, ಅಂದರೆ ಸಾಕ್ಷಾತ್ ಮಹಾಪ್ರಬಂಧಕ್ಕೆ, ಹಿರಿಯ ಜ್ಞಾನತಾಯಿಯ ಪೀಠವನ್ನು ನಾನೇ ಅಲಂಕರಿಸಿದೆ. ಖರ್ಚಿಲ್ಲದ ಗೌರವ. (ಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿದರೂ ನಾನು ಕಪ್ಪೆಯನ್ನು ಮುಟ್ಟಿದ್ದು ಕರಿಹಲಗೆಯ ಮೇಲೆ, ಸೀಮೆಸುಣ್ಣದಿಂದ.)

“ಜ್ಞಾನತಾಯಿ ಅಂದ್ರೆ ಜವಾಬ್ದಾರಿ, ಗೊತ್ತಲ್ಲ?” ಎಂದ ನನ್ನ ಗಂಡ ಗ್ರೋವರ್.

“ಪ್ರಬಂಧ ಏನು ರಾತ್ರಿ ಎದ್ದು ಅಳುತ್ತಾ? ಸುಮ್ನಿರೋ.”

ಕೆರೆಯಿಂದ ಬಂದವಳೇ ಅಸುಂತಾ ಬೇಕರಿಯಲ್ಲಿ ನಿಂತು ಕಪ್ಪೆಗಳ ಯೋಗಕ್ಷೇಮ ಒಪ್ಪಿಸುತ್ತಿದ್ದಳು. ಜನ ನೆಂಟರ ಸುದ್ದಿಯಂತೆ ಕೇಳುತ್ತಿದ್ದರು. “ಈ ಸಲ ಚರ್ಮರೋಗ ಕಮ್ಮಿ” ಎಂದರೆ ದೋನ್ಯಾ ಎಪಿಫಾನಿಯಾ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಳ್ಳುತ್ತಿದ್ದಳು.

ಆಗಸ್ಟಿನಲ್ಲಿ ಅಸುಂತಾ ನ್ಯುಮೋನಿಯಾದಿಂದ ತೀರಿಕೊಂಡಳು. ಅವಳ ಲೋಟ ನಮ್ಮ ಅಡುಗೆಮನೆಯ ಮೊಳೆಯಲ್ಲಿ ಇನ್ನೂ ನೇತಾಡುತ್ತಿದೆ. ಅದನ್ನು ಕುರಿತು ತಮಾಷೆಯಾಗಿ ಬರೆಯಲು ನನಗೆ ಬರುವುದಿಲ್ಲ.

ನವೆಂಬರಿನಲ್ಲಿ, ಸತ್ತವರು ಊಟಕ್ಕೆ ಬರುವ ದಿನ, ಅವಳಿಗಾಗಿ ನಮ್ಮ ಮನೆಯಲ್ಲಿ ಮೇಜು ಅಲಂಕರಿಸಿದೆವು. ದೋನ್ಯಾ ಎಪಿಫಾನಿಯಾ ಕಪ್ಪೆಯ ಆಕಾರದ ಬ್ರೆಡ್ಡು ತಂದಳು. ಎಲ್ಲರೂ ಪ್ರಾರ್ಥಿಸಿ ಕೂತ ಮೇಲೆ ದೋನ್ ಸೆವೆರೊ ಗಂಟಲು ಸರಿಮಾಡಿಕೊಂಡ.

“ಟೀಚರಮ್ಮ, ಕೂಸು ಹೇಗಿದೆ?”

“ಯಾವ ಕೂಸು?”

“ಕಪ್ಪೆ ಪುಸ್ತಕ. ತಾಯಿ ಹೋದ್ಮೇಲೆ ಸಾಕೋದು ಹಿರಿ ಜ್ಞಾನತಾಯಿ ತಾನೆ? ಶನಿವಾರ ಮಿನಿಬಸ್ ಖಾಲಿ ಇಟ್ಟಿದೀನಿ.”

“ಬುತ್ತಿ ನಂದೇ,” ಎಂದಳು ಎಪಿಫಾನಿಯಾ.

ಸಹಾಯ ಬೇಡಿ ಗಂಡನ ಕಡೆ ನೋಡಿದೆ. “ಅಳ್ತಿದೆ ನೋಡೇ,” ಎಂದ ಗ್ರೋವರ್, “ಎತ್ಕೋ.”

ಹೀಗೆ ನಾನು, ತಲೆ ನರೆತ ಮೇಲೆ, ಅಸುಂತಾಳ ಮಾರ್ಗದರ್ಶಕರ ಬಳಿಯೇ ಡಾಕ್ಟರೇಟ್ ವಿದ್ಯಾರ್ಥಿನಿಯಾದೆ. ಕಳೆದ ವಾರ ಅನುದಾನ ಸಮಿತಿಯ ಮುಂದೆ ಕೂತೆ. ಯಾಕೆ ಕಪ್ಪೆ, ಯಾಕೆ ಈಗ ಎಂಬುದಕ್ಕೆ ಅಸುಂತಾ ಹೇಳುತ್ತಿದ್ದ ಉತ್ತರಗಳೇ ಬಾಯಿಪಾಠವಾಗಿದ್ದವು. “ಯಾಕೆ ನೀವೇ?” ಎಂದರು. ಸಿದ್ಧಮಾಡಿಕೊಂಡಿದ್ದ ಭಾಷಣ ಮರೆತುಹೋಯಿತು.

“ಅದರ ತಾಯಿ ಇಲ್ಲ,” ಎಂದೆ.

ಅನುದಾನ ಸಿಗಲಿಲ್ಲ. ಆದರೂ ಪ್ರತಿ ಶನಿವಾರ ಕೆರೆಗೆ ಹೋಗುತ್ತೇನೆ. ಕಪ್ಪೆ ತಣ್ಣಗಿರುತ್ತದೆ; ಅಂಗೈಯಲ್ಲಿ ಹಿಡಿದರೆ ಅದರ ಗಂಟಲು ಪುಟಪುಟನೆ ಮಿಡಿಯುತ್ತದೆ. ಅಸುಂತಾ ಇದನ್ನು ಎಷ್ಟೋ ಸಲ ಹೇಳಿದ್ದಳು, ನಾನು ನಕ್ಕಿದ್ದೆ.

ಕೆಸರಿಗೆ ಬೂಟು ಬೇಕಿತ್ತು. ಗ್ರೋವರನ ಮದುವೆ ಬೂಟಿನ ಜ್ಞಾನತಂದೆ ವಿಷಯ ತಿಳಿದು ತಾನೇ ಕೊಡಿಸಿದ. ಈಗ ಬುಧವಾರವೂ ಊಟಕ್ಕೆ ಬರುತ್ತಾನೆ.