ಕಾವಲುಗಾರನಿಗೆ ನಿದ್ದೆ ಬರುತ್ತದೆಯೇ?

ಬೆಳಗಿನ ಹತ್ತೂವರೆಗೆ ಸಭಾಂಗಣದ ವಾಚ್‌ಮನ್‌ಗೆ ಸಣ್ಣದೊಂದು ಜೊಂಪು ಹತ್ತಿತು. ಅವನ ಪ್ರಕಾರ ಎರಡೇ ನಿಮಿಷ. ಎಷ್ಟು ಹೊತ್ತಾಯಿತೆಂದು ತಲೆಯೆತ್ತಿದರೆ ಬಾಗಿಲ ಮೇಲಿನ ಗಡಿಯಾರವೇ ಇಲ್ಲ! ಮೊಳೆ ಮಾತ್ರ ಅವನನ್ನೇ ನೋಡುತ್ತಿತ್ತು.

ಅವನು ಕುರ್ಚಿಯಡಿ, ಬಾಗಿಲ ಹಿಂದೆ ಹುಡುಕಾಡಿದ. ಹಿಂದಿನ ವಾಚ್‌ಮನ್‌ನನ್ನು ಮ್ಯಾನೇಜರು ಮನೆಗೆ ಕಳಿಸಿದ್ದು ಬರೀ ಆಕಳಿಸಿದ್ದಕ್ಕೆ. ಕೆಲಸ ಹೋದರೆ ಹೆಂಡತಿ ಮಕ್ಕಳ ಗತಿಯೇನು? ಇದೇ ಸಭಾಂಗಣದಲ್ಲಿ ರಾತ್ರಿ ಪಾಳಿ ಕಾಯುವ ಭಾವಮೈದುನನ ಎದುರು ತಲೆಯೆತ್ತುವುದು ಹೇಗೆ?

"ಹುಡುಕಬೇಡಪ್ಪ, ನನ್ನ ಚೀಲದಲ್ಲಿದೆ," ಎನ್ನುತ್ತಾ ಇತಿಹಾಸದ ಮೇಷ್ಟ್ರು ಬಂದರು.

ಆ ಸಂಜೆ ಅಲ್ಲಿ ಮೇಷ್ಟ್ರಿಗೂ ಪಾದ್ರಿಗಳಿಗೂ ಚರ್ಚೆಯಿತ್ತು. ಯೇಸು ಸತ್ತು ಮೂರನೆಯ ದಿನ ಎದ್ದು ಬಂದದ್ದು ನಡೆದ ಇತಿಹಾಸವೇ, ಬರೀ ನಂಬಿಕೆಯೇ ಎಂದು. ಇಪ್ಪತ್ತು ವರ್ಷದಿಂದ ಇಬ್ಬರೂ ಒಂದೇ ಬೆಂಚಿನಲ್ಲಿ ಚಹಾ ಕುಡಿಯುತ್ತಾ ಜಗಳವಾಡಿದ ವಿಷಯ, ಈಗ ಮೈಕಿನ ಮುಂದೆ ಬಂದಿತ್ತು.

"ಸಮಾಧಿಗೆ ಕಾವಲಿತ್ತು, ಬೆಳಗಾದ್ರೆ ದೇಹ ಇಲ್ಲ," ಎಂದರು ಮೇಷ್ಟ್ರು. "ಕಾವಲಿನೋರು ಮಲಗಿದ್ದಾಗ ಶಿಷ್ಯರೇ ಹೊತ್ಕೊಂಡು ಹೋದ್ರು ಅಂತ ಆಗಲೇ ಮಾತು ಹುಟ್ಟಿತ್ತು. ಕಾವಲುಗಾರ ಎಲ್ಲಾದ್ರೂ ಮಲಗ್ತಾನಾ ಅಂತ ಪಾದ್ರಿಗಳ ವಾದ. ನೀನು ಮಲಗಿದ್ದೆ, ನಾನು ಗಡಿಯಾರ ಬಿಚ್ಚಿದೆ. ಸಂಜೆ ವೇದಿಕೆ ಹತ್ತಿ ಅಷ್ಟು ಹೇಳು, ಸಾಕು."

"ಮುಂದಿನ ಸಾಲಲ್ಲೇ ಮ್ಯಾನೇಜರ್ ಕೂತಿರ್ತಾರಲ್ಲ, ಮೇಷ್ಟ್ರೇ?"

"ವಿದ್ಯೆಗೋಸ್ಕರ ಅಂದ್ರೆ ಅವರೂ ಅರ್ಥ ಮಾಡ್ಕೋತಾರೆ," ಎಂದು ಅವರು ಗಡಿಯಾರದ ಸಮೇತ ಹೊರಟೇ ಹೋದರು.

ಸಂಜೆಗೆ ಮೈಕ್ ಕಟ್ಟುತ್ತಿದ್ದವನಿಂದ ಸುದ್ದಿ ತಿಳಿದು, ಮಧ್ಯಾಹ್ನ ಪಾದ್ರಿಗಳು ಓಡಿಬಂದರು. "ನೀನು ಸಾಕ್ಷಿಯಂತೆ? ಒಳ್ಳೇದಾಯ್ತು. ಮಲಗಿದ್ದೋರಿಗೆ ಕದ್ದೋರು ಯಾರು ಅಂತ ಹೇಗಪ್ಪ ಗೊತ್ತಾಗುತ್ತೆ? ಅದೇ ನನ್ನ ಪ್ರಶ್ನೆ. ಕಾವಲುಗಾರರ ಮಾನ ನಿನ್ನ ಕೈಲಿದೆ."

ಊಟ ತಂದ ಹೆಂಡತಿ ಎಲ್ಲ ಕೇಳಿ ನಿಟ್ಟುಸಿರು ಬಿಟ್ಟಳು. "ಮಲಗಿದ್ದೆ ಅಂದ್ರೆ ನಿದ್ದೆ ಮಾಡಿದ್ದಕ್ಕೆ ಕೆಲಸ ಹೋಗುತ್ತೆ. ಎದ್ದಿದ್ದೆ ಅಂದ್ರೆ ಕಣ್ಣೆದುರೇ ಗಡಿಯಾರ ಬಿಟ್ಟಿದ್ದಕ್ಕೆ ಹೋಗುತ್ತೆ. ಮೊದಲು ಊಟ ಮಾಡ್ರಿ, ಹೊಟ್ಟೆಯಾದ್ರೂ ತುಂಬಲಿ."

ಅತ್ತ ದರಿ, ಇತ್ತ ಪುಲಿ. ಉಂಡು ಕೈತೊಳೆದು ಬಂದವನು ತನ್ನ ಕುರ್ಚಿಯ ಪಕ್ಕದ ಸ್ಟೂಲನ್ನು ಒರೆಸಲು ಹೋಗಿ, ಹಾಗೇ ನಿಂತ. ಸ್ಟೂಲಿನ ಮೇಲೆ ಸೀಮೆಸುಣ್ಣದ ಪುಡಿಯಲ್ಲಿ ಚಪ್ಪಲಿಯ ಗುರುತು ಅಚ್ಚೊತ್ತಿದಂತಿತ್ತು.

ಸಂಜೆ ಸಭಾಂಗಣ ಕಿಕ್ಕಿರಿದಿತ್ತು. "ಬರಿದಾದ ಸಮಾಧಿ ಮೊದಲು ಕಂಡೋರು ಹೆಂಗಸರು," ಎಂದರು ಪಾದ್ರಿಗಳು. "ಹೆಂಗಸರ ಸಾಕ್ಷಿಗೆ ಬೆಲೆ ಕೊಡದ ಕಾಲ ಅದು. ಕಟ್ಟುಕತೆಯಾಗಿದ್ರೆ ಗಂಡಸರನ್ನೇ ನಿಲ್ಲಿಸ್ತಿರಲಿಲ್ವಾ? ಅಂಜಿ ಓಡಿದ್ದ ಶಿಷ್ಯರೇ ಆಮೇಲೆ ಪ್ರಾಣಕ್ಕೂ ಹೆದರದೆ ಸಾರಿದ್ರಲ್ಲ, ಸುಳ್ಳಿಗೆ ಯಾರಾದ್ರೂ ಸಾಯ್ತಾರಾ?"

ಮೇಷ್ಟ್ರು ಬಿಡಲಿಲ್ಲ. "ಬರೆದದ್ದು ಎಷ್ಟೋ ದಶಕ ಕಳೆದ ಮೇಲೆ. ಹೋದ ಹೆಂಗಸರು ಎಷ್ಟು ಜನ ಅನ್ನೋದರಲ್ಲೇ ನಾಲ್ಕು ಸುವಾರ್ತೆಗೂ ಒಮ್ಮತವಿಲ್ಲ. ಕಾವಲಿನ ಮಾತು ಬರೋದು ಒಂದರಲ್ಲಿ ಮಾತ್ರ. ನಿಜ ನಂಬಿ ಸತ್ತೋರಿದ್ದಾರೆ, ತಪ್ಪು ನಂಬಿ ಸತ್ತೋರೂ ಇದ್ದಾರೆ. ಇರಲಿ, ಕಾವಲುಗಾರ ಮಲಗ್ತಾನೋ ಇಲ್ವೋ, ಅವನನ್ನೇ ಕೇಳೋಣ," ಎಂದು ಗಡಿಯಾರವನ್ನು ಮೇಜಿನ ಮೇಲಿಟ್ಟರು.

ಮ್ಯಾನೇಜರ ಹುಬ್ಬು ಮೇಲೇರಿತು. ವಾಚ್‌ಮನ್ ವೇದಿಕೆ ಹತ್ತಿದ.

"ಹೇಳಪ್ಪ, ಬೆಳಗ್ಗೆ ನಾನು ಇದನ್ನ ಬಿಚ್ಚಿದಾಗ ನೀನು ಮಲಗಿದ್ದೆ ತಾನೇ?"

"ಇಲ್ಲ ಮೇಷ್ಟ್ರೇ, ಎದ್ದೇ ಇದ್ದೆ. ನನ್ನ ಸ್ಟೂಲ್ ಮೇಲೆ ಚಪ್ಪಲಿ ಕಾಲಲ್ಲೇ ಹತ್ತಿದ್ರಿ. ಊರಿಗೆಲ್ಲ ಪಾಠ ಹೇಳೋರು, ರಿಪೇರಿಗೆ ಒಯ್ತಿರಬೇಕು ಅಂತ ಸುಮ್ಮನಿದ್ದೆ."

ಮೇಷ್ಟ್ರು ತಮ್ಮ ಚಪ್ಪಲಿಯನ್ನು ನೋಡಿಕೊಂಡರು. ಸಭೆ ಬಿದ್ದು ಬಿದ್ದು ನಕ್ಕಿತು. "ಒಪ್ಪಿದೆ, ಕಾವಲಿನ ವಾದ ಬಿಟ್ಟೆ. ಉಳಿದದ್ದು ನಾಳೆ ಬೆಂಚಿನಲ್ಲಿ," ಎಂದು ಮೇಷ್ಟ್ರೂ ನಕ್ಕರು. ಪಾದ್ರಿಗಳು ಅವರ ಹೆಗಲ ಮೇಲೆ ಕೈಹಾಕಿ ಚಹಾಕ್ಕೆ ಕರೆದೊಯ್ದರು. ವಾಚ್‌ಮನ್‌ಗೆ ಹೋದ ಜೀವ ಬಂದಂತಾಯಿತು.

ಮ್ಯಾನೇಜರು ಬಂದು ಅವನ ಬೆನ್ನು ತಟ್ಟಿದರು. "ಶಭಾಷ್! ಕಣ್ಣು ಮುಚ್ಚದ ಇಂಥ ಮನುಷ್ಯ ಇರುವಾಗ ನನಗೆ ಇಬ್ಬರು ಯಾಕೆ? ಇವತ್ತಿಂದ ರಾತ್ರಿ ಪಾಳಿನೂ ನಿನಗೇ."

"ಸಾರ್, ರಾತ್ರಿ ಪಾಳಿ ನನ್ನ ಭಾವಮೈದುನಂದು..."

"ಅವನಿಗೆ ಹೇಳಿಯಾಯ್ತು," ಎನ್ನುತ್ತಾ ಮ್ಯಾನೇಜರು ಕಾರು ಹತ್ತಿದರು.

ಭಾವಮೈದುನ ಟಾರ್ಚು, ಸೀಟಿ ಎರಡನ್ನೂ ಅವನ ಕೈಗಿತ್ತ. ಮುಖದಲ್ಲಿ ಬೇಸರದ ಸುಳಿವೂ ಇರಲಿಲ್ಲ.

"ಯೋಚನೆ ಮಾಡಬೇಡಿ ಭಾವ. ಬೇರೆ ಕೆಲಸ ಸಿಗೋವರೆಗೂ ನಮ್ಮ ಮನೇಲೇ ಇರು ಅಂತ ಈಗಷ್ಟೇ ಫೋನಲ್ಲಿ ಅಂದ್ಲು ಅಕ್ಕ. ನಿಮ್ಮ ಮಂಚ ಹೇಗೂ ಖಾಲಿ ಇರುತ್ತಲ್ಲ," ಎಂದು ಬಾಯಿತುಂಬ ಆಕಳಿಸುತ್ತಾ ಮನೆಯ ಹಾದಿ ಹಿಡಿದ.