ಸಿದ್ದಮ್ಮನ ಹುಣ್ಣು, ನನ್ನ ಹೊಟ್ಟೆಯುರಿ

ಅಸೂಯೆ ನನ್ನ ಹುಟ್ಟುಗುಣವಲ್ಲ, ಎಂ.ಎಸ್ಸಿ. ಮುಗಿಸಿ ತಿ. ನರಸೀಪುರದಲ್ಲಿ ರಕ್ತ, ಕೀವು ಪರೀಕ್ಷಿಸುವ ಸಣ್ಣ ಲ್ಯಾಬೊಂದಕ್ಕೆ ಸೇರಿದ ಮೇಲೆ ಅಂಟಿಕೊಂಡದ್ದು. ಅದೂ ಮೊದಲು ಬ್ಯಾಕ್ಟೀರಿಯಾಗಳ ಮೇಲೆ. ವಾಸಿಯಾಗದ ಹುಣ್ಣಿನಲ್ಲಿ ಅವು ಸಂಸಾರ ಹೂಡುವ ರೀತಿ ನೋಡಬೇಕು. ಎಷ್ಟು ಜನ ಸೇರಿದ್ದೇವೆಂದು ರಾಸಾಯನಿಕಗಳಲ್ಲೇ ವಿಚಾರಿಸಿಕೊಳ್ಳುತ್ತವೆ. ಸಾಕಷ್ಟು ಮಂದಿಯಾದರೆ ಒಟ್ಟಾಗಿ ಲೋಳೆಯ ಮನೆ ಕಟ್ಟಿ, ಔಷಧಿ ಸುಲಭಕ್ಕೆ ಒಳಬಾರದಂತೆ ಕೂರುತ್ತವೆ. ನಂಜನಗೂಡಿನಿಂದ ಬರುವ ಬಸ್ಸಿನಲ್ಲಿ ಪಕ್ಕದವರು "ಎಲ್ಲಿಗೆ?" ಎಂದರೆ ಕಿಟಕಿಯ ಕಡೆ ತಿರುಗುವವಳು ನಾನು. ಹೊಟ್ಟೆ ಉರಿಯದೆ ಇರುತ್ತದೆಯೇ? ಅವುಗಳಲ್ಲಿ ಸೋಮಾರಿಗಳೂ ಉಂಟು. ಕಬ್ಬಿಣದಂಶ ಹಿಡಿದು ತರುವ ಪದಾರ್ಥವನ್ನು ಕೆಲವು ಕಷ್ಟಪಟ್ಟು ತಯಾರಿಸುತ್ತವೆ. ಕೆಲವು ಏನೂ ಮಾಡದೆ ಪಾಲು ತಿನ್ನುತ್ತವೆ. ಪುಸ್ತಕಗಳಲ್ಲಿ ಇವಕ್ಕೆ ಮೋಸಗಾರರೆಂದೇ ಹೆಸರು.

ಎರಡನೆಯ ಅಸೂಯೆ ಭಾಗ್ಯಳ ಮೇಲೆ. ನನ್ನ ಜೊತೆ ಕೆಲಸ ಮಾಡುವ ಅವಳದು ಬರೀ ಡಿಪ್ಲೊಮಾ. ಆದರೂ ಬಂದವರೆಲ್ಲ, ನಾನು ಎದುರಿಗೇ ಇದ್ದರೂ, "ಭಾಗ್ಯಮ್ಮ ಇಲ್ವಾ?" ಎನ್ನುತ್ತಾರೆ. ಹದಿನಾರು ಎಂಬ ಊರಿನ ಸಿದ್ದಮ್ಮನ ಕಾಲುಹುಣ್ಣು ಎಂಟು ತಿಂಗಳಾದರೂ ಮಾಯ್ದಿರಲಿಲ್ಲ. ಮೂರು ಸಲ ಕೀವು ಪರೀಕ್ಷಿಸಿ, ಯಾವ ಮಾತ್ರೆಗೆ ಕ್ರಿಮಿ ಬಗ್ಗುತ್ತದೆಂದು ಅಚ್ಚುಕಟ್ಟಾಗಿ ಬರೆದುಕೊಟ್ಟವಳು ನಾನು. ಹುಣ್ಣು ನನ್ನ ವರದಿಗೆ ಬೆಲೆ ಕೊಡಲಿಲ್ಲ. ಹೀಗೇ ಆದರೆ ಬೆರಳು ತೆಗೆಯಬೇಕಾದೀತು ಎಂದಿದ್ದರು ಡಾಕ್ಟರು.

ಸಿದ್ದಮ್ಮ ನಾಲ್ಕನೆಯ ಸಲ ಬಂದಾಗ ಭಾಗ್ಯ ಅವಳ ಕಾಲ ಬಳಿ ಕೂತು ಹರಟುತ್ತಿದ್ದಳು.

"ಮಾತ್ರೆ ಪೂರ್ತಿ ನುಂಗಿದ್ಯೇನಮ್ಮ?"

"ನುಂಗ್ದೆ ಕಣವ್ವ, ಕೀವು ಒಣಗೋಗಂಟ. ಮಿಕ್ಕಿದ್ನ ನಮ್ಮಕ್ಕನ್ಗೆ ಕೊಟ್ಟೆ. ಅವ್ಳಿಗೂ ಮಂಡಿ ನೋವು, ಪಾಪ."

"ಪ್ರತಿ ಸಲಾನೂ? ಮೇಡಂಗೆ ಯಾಕೆ ಹೇಳ್ಲಿಲ್ಲ?"

"ಅವ್ರೆಲ್ಲಿ ಕೇಳುದ್ರು? ನನ್ ಮೊಕಾನೇ ನೋಡಕಿಲ್ಲ. ಕಾಲೊಂದ್ನೇ ನೋಡದು."

ನನ್ನ ಕಿವಿ ಬಿಸಿಯಾಯಿತು. ಆದರೂ ಕೈ ಸುಮ್ಮನಿರಲಿಲ್ಲ. ಕೇಳಿದ್ದನ್ನೆಲ್ಲ ವರದಿಯ ಕೆಳಗೆ ಬರೆದು ನನ್ನ ಸಹಿ ಹಾಕಿತು. ಡಾಕ್ಟರು ಫೋನ್ ಮಾಡಿ, "ಭೇಷ್! ಓದಿದೋರು ಅಂದ್ರೆ ಹೀಗಿರ್ಬೇಕು ಕಣ್ರೀ" ಎಂದರು. ಭಾಗ್ಯಳ ಹೆಸರು ನಾಲಿಗೆಯ ತುದಿಯವರೆಗೆ ಬಂತು. "ಥ್ಯಾಂಕ್ಸ್ ಸರ್" ಎಂದೆ.

ಈ ಸಲದ ಮಾತ್ರೆಗಳೆಲ್ಲ ಸಿದ್ದಮ್ಮನ ಹೊಟ್ಟೆಗೇ ಹೋದವು. ಹುಣ್ಣು ಮಾಯ್ದು ಬೆರಳು ಉಳಿಯಿತು. ಅವಳು ಒಂದು ಚೀಲ ಅವರೆಕಾಯಿ ತಂದಳು. ಭಾಗ್ಯಳಿಗೆ. ನನಗೆ ಮತ್ತೆ ಹೊಟ್ಟೆಯುರಿ.

ಮಾರನೆಯ ಮಧ್ಯಾಹ್ನ ಭಾಗ್ಯ ಡಬ್ಬಿ ತೆರೆದು, "ಸಿದ್ದಮ್ಮನ ಅವರೆದೇ, ಹಿತಕಿದ ಬೇಳೆ ಸಾರು ಕಣ್ರೀ, ಹಿತುಕಿ ಹಿತುಕಿ ಬೆರಳೆಲ್ಲ ಸುಕ್ಕಾಯ್ತು" ಎನ್ನುತ್ತಾ ಅರ್ಧ ನನ್ನ ತಟ್ಟೆಗೆ ಸುರಿದಳು. ಮೊದಲ ತುತ್ತಿಗೇ, ದುಡಿಯದೆ ಪಾಲು ತಿನ್ನುವ ಬ್ಯಾಕ್ಟೀರಿಯಾಗಳಿಗೆ ಪುಸ್ತಕದಲ್ಲಿರುವ ಆ ಹೆಸರು ನೆನಪಾಯಿತು. ಸಾರು ಮಾತ್ರ ಬಹಳ ರುಚಿಯಾಗಿತ್ತು. ಕೇಳಿ ಇನ್ನೆರಡು ಚಮಚ ಹಾಕಿಸಿಕೊಂಡೆ.