ಹೂದಾನಿಗೆ ಮುಜುಗರವಾಗದಂತೆ

ಮಿಕಲ್‌ಬರಿ ಗ್ರಾಮದ ಚರ್ಚಿನಲ್ಲಿರುವ ದೀಕ್ಷಾಸ್ನಾನದ ಕಲ್ಲುತೊಟ್ಟಿಯು ಎಂಟುನೂರು ವರ್ಷಗಳಿಂದ ಇದ್ದಲ್ಲಿಯೇ ಇದೆ. ಅದರ ಮುಚ್ಚಳದ ಮೇಲಿನ ಹಿತ್ತಾಳೆ ಹೂದಾನಿಯು ಹನ್ನೊಂದು ವರ್ಷಗಳಿಂದ ಇದ್ದಲ್ಲಿಯೇ ಇದೆ. ಇವೆರಡರಲ್ಲಿ ಕದಲಿಸಲು ಸಾಧ್ಯವಿಲ್ಲದ್ದು ಹೂದಾನಿ ಎಂಬ ವಿಷಯದಲ್ಲಿ ಗ್ರಾಮದಲ್ಲಿ ಭಿನ್ನಾಭಿಪ್ರಾಯವಿಲ್ಲ.

ಹೂದಾನಿ ಇಟ್ಟವರು ಹೂವಿನ ಅಲಂಕಾರ ಮಂಡಳಿಯ ಅಧ್ಯಕ್ಷೆ ಮಿಸೆಸ್ ಪ್ರೌಡ್‌ಫುಟ್. ಪ್ರತಿ ಶನಿವಾರ ಅವರೇ ಬಂದು ಹೂ ಬದಲಿಸುತ್ತಾರೆ. ಹೂದಾನಿ ಎತ್ತದೆ ಮುಚ್ಚಳ ತೆಗೆಯುವಂತಿಲ್ಲ. ಎತ್ತಿ ಎಂದು ಅವರಿಗೆ ಹೇಳುವಂತಿಲ್ಲ, ಬೇಜಾರು ಮಾಡಿಕೊಂಡಾರು. ಆದ್ದರಿಂದ ಊರಿನ ಹಸುಗೂಸುಗಳನ್ನೆಲ್ಲ ದೀಕ್ಷಾಸ್ನಾನಕ್ಕೆ ಪಕ್ಕದೂರಿನ ಚರ್ಚಿಗೆ ಕಳುಹಿಸಲಾಗುತ್ತಿತ್ತು. ಅಲ್ಲಿ ಕಾರು ನಿಲ್ಲಿಸಲು ಜಾಗ ಚೆನ್ನಾಗಿದೆ ಎಂಬುದು ಅಧಿಕೃತ ಕಾರಣ.

ಈ ಸುಗಮ ವ್ಯವಸ್ಥೆಗೆ ಅಡ್ಡಿಯಾದದ್ದು ವಿನಿಫ್ರೆಡ್ ಟಫ್ಲಿ. ಅವರ ಅಜ್ಜಿ, ಅಮ್ಮ, ಅವರು, ಅವರ ಮಗಳು, ಎಲ್ಲರೂ ಒಂದೇ ಲೇಸಿನ ಅಂಗಿ ತೊಟ್ಟು ಅದೇ ತೊಟ್ಟಿಯಲ್ಲಿ ನೆತ್ತಿ ಒದ್ದೆ ಮಾಡಿಸಿಕೊಂಡವರು. ಮೊಮ್ಮಗಳು ಹೆಟ್ಟಿಗೂ ಹಾಗೇ ಆಗಬೇಕೆಂಬುದು ಅವರ ಒಂದೇ ಆಸೆ. ಹೆಟ್ಟಿಯೋ ಹಾಲು ಕುಡಿದು ಕುಡಿದು ದುಂಡಗಾಗುತ್ತಿತ್ತು. ಅಂಗಿಯ ಗುಂಡಿ ಈಗಲೇ ಕಷ್ಟಪಟ್ಟು ಕೂರುತ್ತಿತ್ತು. ಬೇಸಿಗೆ ಕಳೆದರೆ ಆ ಅಂಗಿಯ ಆಸೆ ಬಿಟ್ಟಂತೆಯೇ.

ವಿನಿಫ್ರೆಡ್ ಪಾದ್ರಿ ಲವ್‌ಲಾಕ್ ಅವರ ಮನೆಗೆ ಹೋಗಿ ಕೂತರು.

"ಹೂದಾನಿ ಎತ್ತಿ ಪಕ್ಕಕ್ಕಿಟ್ರೆ ಮುಗೀತಲ್ಲ, ಪಾದ್ರಿಗಳೇ."

ಪಾದ್ರಿಗಳು ಟೀ ಕಪ್ಪು ಕೆಳಗಿಟ್ಟರು. "ಯಾರು ಎತ್ತೋದು?"

"ನೀವೇ."

"ನಾನು ಈ ಊರಿಗೆ ಹೊಸಬ, ಮಿಸೆಸ್ ಟಫ್ಲಿ. ಬಂದು ಆರೇ ವರ್ಷ."

"ಹೋಗ್ಲಿ, ಅವರನ್ನ ಒಂದು ಮಾತು ಕೇಳಿ."

"ನೀವು ಅವರ ಪಕ್ಕದ ಮನೆಯವರಲ್ವಾ? ನೀವೇ ಕೇಳಬಹುದಲ್ಲ."

ವಿನಿಫ್ರೆಡ್ ಇನ್ನೊಂದು ಬಿಸ್ಕತ್ತು ತೆಗೆದುಕೊಂಡರು. ದಿನಾ ಬೆಳಿಗ್ಗೆ ಬೇಲಿಯ ಆಚೀಚೆ ನಿಂತು ಮಿಸೆಸ್ ಪ್ರೌಡ್‌ಫುಟ್ ಜೊತೆ ಮಳೆ ಬರುತ್ತದೋ ಇಲ್ಲವೋ ಎಂದು ಮಾತಾಡುತ್ತಿದ್ದವರು ಅವರು. ಇಷ್ಟು ವರ್ಷದ ಸ್ನೇಹದಲ್ಲಿ ಹೂದಾನಿಯ ಮಾತೆತ್ತುವ ಧೈರ್ಯ ಅವರಿಗೂ ಇರಲಿಲ್ಲ. ತಮ್ಮ ಮೇಲೆಯೇ ಸಿಟ್ಟು ಬಂತು.

ಚರ್ಚಿನ ಸಮಿತಿಯು ತುರ್ತುಸಭೆ ಸೇರಿತು. ಮಿಸೆಸ್ ಪ್ರೌಡ್‌ಫುಟ್ ತಂಗಿಯ ಮನೆಗೆ ಹೋಗಿದ್ದ ದಿನವನ್ನೇ ಸಭೆಗೆ ಗೊತ್ತುಮಾಡಲಾಗಿತ್ತು. 'ಹೂದಾನಿಗಾಗಲೀ ಅದಕ್ಕೆ ಸಂಬಂಧಪಟ್ಟವರಿಗಾಗಲೀ ಮುಜುಗರವಾಗದಂತೆ ಶಿಶುವಿಗೆ ದೀಕ್ಷಾಸ್ನಾನ ಮಾಡಿಸಲು' ಅನುಮತಿ ಕೋರಿ ಬಿಷಪ್ ಕಚೇರಿಗೆ ಅರ್ಜಿ ಹೋಯಿತು.

ಅಲ್ಲಿಂದ ಪುರಾತನ ವಸ್ತುಗಳ ಪರಿಣತರೊಬ್ಬರು ಬಂದರು. ತೊಟ್ಟಿಯ ಸುತ್ತ ನಡೆದರು, ಕಲ್ಲನ್ನು ತಟ್ಟಿ ನೋಡಿದರು.

"ಈ ಹೂದಾನಿನ ಸ್ವಲ್ಪ ಎತ್ತಬಹುದಾ?"

ಎಲ್ಲರೂ ತಂತಮ್ಮ ಬೂಟು ನೋಡಿಕೊಂಡರು. ಪರಿಣತರೂ ಮರ್ಯಾದಸ್ಥರೇ. ಮತ್ತೆ ಕೇಳಲಿಲ್ಲ.

ಬೇಸಿಗೆ ಮುಗಿಯುವ ಹೊತ್ತಿಗೆ ಆದೇಶ ಬಂತು:

'ಬೇರ್ಪಡಿಸಲು ಸ್ಥಳದಲ್ಲಿ ಯಾರೂ ಮುಂದೆ ಬಾರದ ಕಾರಣ, ಹೂದಾನಿಯನ್ನು ತೊಟ್ಟಿಯ ಐತಿಹಾಸಿಕ ಭಾಗವೆಂದು ಪರಿಗಣಿಸಲಾಗಿದೆ. ಅದನ್ನು ಕದಲಿಸತಕ್ಕದ್ದಲ್ಲ. ಹೂವುಗಳನ್ನು ಈಗಿನಂತೆಯೇ ವಾರಕ್ಕೊಮ್ಮೆ ಬದಲಿಸತಕ್ಕದ್ದು. ದೀಕ್ಷಾಸ್ನಾನಕ್ಕೆ ಸೂಕ್ತವಾದ ಬೇರೊಂದು ಪಾತ್ರೆಯನ್ನು ತೊಟ್ಟಿಯ ಸಮೀಪ ಬಳಸಬಹುದು.'

ಸೂಕ್ತವಾದ ಪಾತ್ರೆ ಚರ್ಚಿನ ಅಡುಗೆಕೋಣೆಯಲ್ಲಿತ್ತು. ಕಪ್ಪು ತೊಳೆಯುವ ನೀಲಿ ಪ್ಲಾಸ್ಟಿಕ್ ಬೋಗುಣಿ. ಅದನ್ನು ತೊಟ್ಟಿಯ ಪಕ್ಕ ಕುರ್ಚಿಯ ಮೇಲಿಟ್ಟು, ಬೆನ್ನಿಗೆ ಪಿನ್ನು ಹಾಕಿದ ಲೇಸಿನ ಅಂಗಿಯಲ್ಲಿ ಹೆಟ್ಟಿಯ ದೀಕ್ಷಾಸ್ನಾನ ನೆರವೇರಿತು. ತುಂಬಾ ಚೆನ್ನಾಗಾಯ್ತು ಎಂದು ಎಲ್ಲರೂ ಹೇಳಿದರು. ವಿನಿಫ್ರೆಡ್ ಕೂಡ ಹೇಳಿದರು. ಆಮೇಲೆ ಟೀಗಾಗಿ ಕಪ್ಪುಗಳನ್ನು ಅದೇ ಬೋಗುಣಿಯಲ್ಲಿ ತೊಳೆಯಲಾಯಿತು.

ಟೀ ಕುಡಿಯುವಾಗ ಮಿಸೆಸ್ ಪ್ರೌಡ್‌ಫುಟ್ ಮೆಲ್ಲಗೆ ಹತ್ತಿರ ಬಂದರು.

"ವಿನಿ, ತಪ್ಪು ತಿಳ್ಕೋಬೇಡ. ಅಷ್ಟು ಚಂದದ ತೊಟ್ಟಿ ಇಟ್ಕೊಂಡು ಈ ಬೋಗುಣಿ ಯಾಕೆ?"

"ನಿನ್ನ ಹೂದಾನಿ ಇತ್ತಲ್ಲ."

"ಅಯ್ಯೋ, ಅದಾ? ಆವತ್ತು ಕೈನೋವು ಅಂತ ಒಂದು ನಿಮಿಷ ಅಲ್ಲಿಟ್ಟಿದ್ದು ಕಣೆ. ಎಲ್ರೂ ಎಷ್ಟು ಚೆನ್ನಾಗಿದೆ ಅಂದ್ಬಿಟ್ರು. ತೆಗೆದ್ರೆ ನಿಮಗೆಲ್ಲ ಬೇಜಾರಾಗುತ್ತೆ ಅಂತ ಸುಮ್ಮನಿದ್ದೆ. ನನಗೆ ಹೂವು ಕಂಡ್ರೆ ಸೀನು."

ಮಗಳ ತೋಳಲ್ಲಿದ್ದ ಹೆಟ್ಟಿ ಮಗ್ಗುಲಾಯಿತು. ಅಂಗಿಯ ಬೆನ್ನು ಪರ್ರನೆ ಹರಿಯಿತು.

ಪಕ್ಕದಲ್ಲೇ ಇದ್ದ ಪಾದ್ರಿಗಳು ಎಲ್ಲ ಕೇಳಿಸಿಕೊಂಡಿದ್ದರು. "ಈಗ ತೆಗೆಯೋ ಹಾಗಿಲ್ಲ," ಎಂದರು. "ಆದೇಶ ಆಗಿಬಿಟ್ಟಿದೆ. ಹೂವೂ ತಪ್ಪಿಸೋ ಹಾಗಿಲ್ಲ, ಮಿಸೆಸ್ ಪ್ರೌಡ್‌ಫುಟ್."

"ಪರವಾಗಿಲ್ಲ ಬಿಡಿ," ಎಂದರು ಮಿಸೆಸ್ ಪ್ರೌಡ್‌ಫುಟ್, ಸೀನಿ.

ವಿನಿಫ್ರೆಡ್ ಏನೋ ಹೇಳಲು ಬಾಯಿ ತೆರೆದರು. "ಈ ವಾರದ ಹೂವು ತುಂಬಾ ಚೆನ್ನಾಗಿದೆ," ಎಂದರು.

ಮರುವರ್ಷ ಮಗಳಿಗೆ ಗಂಡುಮಗುವಾಯಿತು. ವಿನಿಫ್ರೆಡ್ ಹರಿದ ಅಂಗಿಯನ್ನು ಸಣ್ಣ ಸಣ್ಣ ಹೊಲಿಗೆ ಹಾಕಿ ಸರಿಮಾಡಿದರು. ದೀಕ್ಷಾಸ್ನಾನ ಎಲ್ಲಿ ಮಾಡಿಸೋಣ ಅಮ್ಮಾ ಎಂದು ಮಗಳು ಕೇಳಿದಾಗ ಅವರು ಸೂಜಿಯಿಂದ ತಲೆಯೆತ್ತಲಿಲ್ಲ.

"ಪಕ್ಕದೂರಲ್ಲೇ ಮಾಡಿಸೋಣ," ಎಂದರು. "ಕಾರು ನಿಲ್ಲಿಸೋಕೆ ಅಲ್ಲಿ ಜಾಗ ನಿಜವಾಗ್ಲೂ ಚೆನ್ನಾಗಿದೆ."